ಚವದಾರ್ ಕೆರೆ

ಹಳ್ಳಿಯ ಬದುಕು ನೀರಿನ ನೆಲೆಯನ್ನು ಆಶ್ರಯಿಸಿ ಬೆಳೆಯುತ್ತದೆ. ಕೆರೆ ಇರುವಲ್ಲಿ ಊರು ಹುಟ್ಟುತ್ತದೆ, ಬಾವಿ ಇರುವಲ್ಲಿ ಕೇರಿ ನಿಲ್ಲುತ್ತದೆ. ಆದರೆ ನಮ್ಮ ದೇಶದ ಹಳ್ಳಿಗಳಲ್ಲಿ ಊರ ನೀರು ಊರಿನವರೆಲ್ಲರ ನೀರಾಗಿರಲಿಲ್ಲ. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಹೆಂಗಸರು ಬಿಂದಿಗೆಗಳನ್ನು ಹೊತ್ತು ತಂದು ಬಾವಿಯಿಂದ ಮಾರು ದೂರದಲ್ಲಿ ಇಳಿಸಿ, ಮೇಲ್ಜಾತಿಯವರು ಯಾರಾದರೂ ಬಂದು ಕರುಣೆಯಿಂದ ಸೇದಿ ಹೊಯ್ಯುವವರೆಗೆ ಕಾಯಬೇಕಾಗಿತ್ತು. ಬಂದವರಿಗೆ ಬಿಡುವಿದ್ದರೆ ನೀರು; ಇಲ್ಲದಿದ್ದರೆ ಇಲ್ಲ. ಬೇಸಗೆಯಲ್ಲಿ ಈ ಕಾಯುವಿಕೆ ಗಂಟೆಗಟ್ಟಲೆ ನಡೆಯುತ್ತಿತ್ತು. ಆ ಭಿಕ್ಷೆಯೂ ದೊರೆಯದಿದ್ದಾಗ ಅವರ ಪಾಲಿಗೆ ಉಳಿಯುತ್ತಿದ್ದುದು ದನಕರುಗಳು ಇಳಿದು ಕಲಕಿದ ಹಳ್ಳದ ನೀರು. ಹೊಲ ಉಳಲು, ಸೌದೆ ಒಡೆಯಲು, ಸತ್ತ ದನವನ್ನು ಸಾಗಿಸಲು ಊರಿಗೆ ಬೇಕಾಗಿದ್ದ ಜನರಿಗೆ ಊರಿನ ನೀರು ಮಾತ್ರ ನಿಷಿದ್ಧವಾಗಿತ್ತು.

ಈ ಅನ್ಯಾಯವನ್ನು ಬಾಲ್ಯದಲ್ಲಿ ಅನುಭವಿಸಿ, ಪ್ರೌಢನಾದ ಮೇಲೆ ಅದರ ವಿರುದ್ಧ ಸಹಸ್ರಾರು ಜನರನ್ನು ಎತ್ತಿ ನಿಲ್ಲಿಸಿ, ಕೊನೆಗೆ ದೇಶದ ಸಂವಿಧಾನದಲ್ಲಿಯೇ ಅದಕ್ಕೆ ನಿಷೇಧವನ್ನು ಬರೆಯಿಸಿದವರು ಡಾಕ್ಟರ್ ಭೀಮರಾವ್ ರಾಮಜೀ ಅಂಬೇಡ್ಕರರು.

ಅಂಬೇಡ್ಕರರು 1891ನೆಯ ಇಸವಿ ಏಪ್ರಿಲ್ 14ರಂದು ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ ಜನಿಸಿದರು. ತಂದೆ ರಾಮಜೀ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು. ಸೈನ್ಯದ ಶಾಲೆಯಲ್ಲಿ ಉಪಾಧ್ಯಾಯರೂ ಆಗಿದ್ದವರು. ತಾಯಿ ಭೀಮಾಬಾಯಿ. ಅವರ ಹದಿನಾಲ್ಕು ಮಂದಿ ಮಕ್ಕಳಲ್ಲಿ ಭೀಮನೇ ಕಡೆಯವನು. ಮನೆತನದ ಮೂಲ ಕೊಂಕಣದ ರತ್ನಾಗಿರಿ ಜಿಲ್ಲೆಯ ಅಂಬಡವೆ ಗ್ರಾಮ, ಜಾತಿ ಮಹಾರ್. ಸೈನ್ಯದ ಬದುಕಿನಿಂದ ಆ ಕುಟುಂಬಕ್ಕೆ ಅಕ್ಷರದ ಪರಿಚಯವೂ ಶಿಸ್ತೂ ದೊರೆತಿದ್ದವು. ರಾಮಜೀಯವರು ಸೇವೆಯಿಂದ ನಿವೃತ್ತರಾದ ಮೇಲೆ ಕುಟುಂಬವು ಸಾತಾರಾಕ್ಕೆ ಬಂದು ನೆಲಸಿತು. ತಾಯಿ ತೀರಿಕೊಂಡಾಗ ಭೀಮ ಇನ್ನೂ ಎಳೆಯ ಬಾಲಕ. ಅನಂತರ ಅವನನ್ನು ಸಾಕಿದವಳು ಸೋದರತ್ತೆ.

ಸಾತಾರಾದ ಶಾಲೆಯಲ್ಲಿ ಆ ಹುಡುಗನಿಗೆ ಮಿಕ್ಕವರ ಸಾಲಿನಲ್ಲಿ ಸ್ಥಳವಿರಲಿಲ್ಲ. ಮನೆಯಿಂದ ಗೋಣಿತಟ್ಟನ್ನು ತಂದು ಮೂಲೆಯಲ್ಲಿ ಹಾಸಿಕೊಂಡು ಕುಳಿತು, ಸಂಜೆ ಅದನ್ನು ಸುತ್ತಿಕೊಂಡು ಹಿಂದಿರುಗಬೇಕು. ಶಾಲೆಯಲ್ಲಿ ನೀರಿನ ನಲ್ಲಿಯಿತ್ತು. ಬಾಯಾರಿದ ಇತರ ಬಾಲಕರು ತಾವೇ ಹೋಗಿ ತಿರುಗಿಸಿ ಕುಡಿಯುತ್ತಿದ್ದರು. ಭೀಮ ಮಾತ್ರ ಉಪಾಧ್ಯಾಯರ ಅಪ್ಪಣೆ ಬೇಡಬೇಕು, ಅವರು ಶಾಲೆಯ ಜವಾನನಿಗೆ ಹೇಳಬೇಕು, ಜವಾನನು ಬಂದು ನಲ್ಲಿಯನ್ನು ತಿರುಗಿಸಬೇಕು. ಜವಾನನು ಇಲ್ಲದ ದಿನ ನೀರೂ ಇಲ್ಲ. ಬಾಯಾರಿಕೆಯು ಒಬ್ಬ ಮನುಷ್ಯನ ಹಾಜರಿಯನ್ನು ಅವಲಂಬಿಸಿರಬೇಕೆಂಬ ಈ ವಿಚಿತ್ರ ಏರ್ಪಾಡನ್ನು ಅವರು ಮುಂದೆ ಬರೆದಿಟ್ಟ ಆತ್ಮಕಥನದ ಪುಟಗಳಲ್ಲಿ ಅತ್ಯಂತ ಶಾಂತವಾಗಿ ವಿವರಿಸಿದ್ದಾರೆ. ಆ ಶಾಂತತೆಯೇ ಓದುವವರನ್ನು ಕಲಕುತ್ತದೆ.

ಅದೇ ಪುಟಗಳಲ್ಲಿ 1901ನೆಯ ಇಸವಿಯ ಪ್ರಯಾಣವೊಂದರ ವೃತ್ತಾಂತವಿದೆ. ಆಗ ಬೊಂಬಾಯಿ ಪ್ರಾಂತ್ಯವನ್ನು ಭೀಕರವಾದ ಕ್ಷಾಮವು ಆವರಿಸಿತ್ತು. ಹಸಿದು ಸಾಯುತ್ತಿದ್ದ ಜನರಿಗೆ ಕೂಲಿ ಒದಗಿಸಲೆಂದು ಸರ್ಕಾರವು ಕೋರೆಗಾಂವ್ ಎಂಬಲ್ಲಿ ಕೆರೆಯೊಂದನ್ನು ತೋಡಿಸುತ್ತಿತ್ತು. ರಾಮಜೀಯವರು ಅಲ್ಲಿ ಖಜಾಂಚಿಯ ಕೆಲಸದಲ್ಲಿದ್ದರು. ಬೇಸಗೆಯ ರಜೆಯಲ್ಲಿ ತಮ್ಮಲ್ಲಿಗೆ ಬರುವಂತೆ ಅವರು ಮಕ್ಕಳಿಗೆ ಬರೆದರು. ಭೀಮನೂ ಅವನ ಅಣ್ಣನೂ ಮನೆಯ ಇತರ ಬಾಲಕರೂ ಹೊಸ ಅಂಗಿ, ಜರಿಯ ಟೊಪ್ಪಿಗೆ, ರೇಷ್ಮೆಯಂಚಿನ ಪಂಚೆಗಳನ್ನು ಧರಿಸಿ ಸಂಭ್ರಮದಿಂದ ರೈಲು ಹತ್ತಿ ಮಸೂರ್ ನಿಲ್ದಾಣದಲ್ಲಿ ಇಳಿದರು. ತಾವು ಬರುವ ದಿನವನ್ನು ತಿಳಿಸಿ ಬರೆದ ಕಾಗದವು ತಂದೆಯ ಕೈಸೇರಿರಲಿಲ್ಲವಾಗಿ ಅವರನ್ನು ಕರೆದೊಯ್ಯಲು ಯಾರೂ ಬಂದಿರಲಿಲ್ಲ.

ಒಳ್ಳೆಯ ಉಡುಪಿನ ಮಕ್ಕಳನ್ನು ಕಂಡು ನಿಲ್ದಾಣದ ಅಧಿಕಾರಿಯು ಮೊದಲು ವಿಶ್ವಾಸದಿಂದಲೇ ವಿಚಾರಿಸಿದನು. ಜಾತಿ ಯಾವುದೆಂದು ಕೇಳಿದಾಗ ಭೀಮನು ಮುಗ್ಧನಾಗಿ ನಿಜವನ್ನು ನುಡಿದುಬಿಟ್ಟನು. ಅಧಿಕಾರಿಯ ಮುಖ ಬಣ್ಣಗೆಟ್ಟಿತು. ಬಾಡಿಗೆಯ ಗಾಡಿಗಳು ಹಲವಿದ್ದರೂ ಎಷ್ಟು ಹಣ ಕೊಡುವೆವೆಂದರೂ ಯಾವನೂ ಒಪ್ಪಲಿಲ್ಲ. ಕೊನೆಗೆ ಒಬ್ಬನು ಇಮ್ಮಡಿ ಬಾಡಿಗೆ ತೆಗೆದುಕೊಂಡು, ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆನೆಂಬ ಕರಾರಿನ ಮೇಲೆ ಹೊರಟನು.

ಮಕ್ಕಳ ಬಳಿ ಬುತ್ತಿ ಬೇಕಾದಷ್ಟಿತ್ತು, ನೀರಿರಲಿಲ್ಲ. ದಾರಿಯಲ್ಲಿ ಸಣ್ಣ ಹೊಳೆಯೊಂದನ್ನು ಗಾಡಿಯವನು ತೋರಿಸಿದನು. ಇಳಿದು ನೋಡಿದರೆ ಅದು ದನ ಎಮ್ಮೆಗಳ ಸಗಣಿ ಗಂಜಲಗಳಿಂದ ಕೂಡಿದ ಕೆಸರು. ಅದರ ದುರ್ಗಂಧಕ್ಕೆ ಬಾಯಿಗಿಡಲಾಗದೆ ಹಿಂದಿರುಗಿದರು. ನಡುರಾತ್ರಿಯ ವೇಳೆಗೆ ಗುಡ್ಡದ ಬುಡದಲ್ಲಿದ್ದ ಸುಂಕದ ಕಟ್ಟೆಯನ್ನು ಮುಟ್ಟಿದಾಗ, ನೀರು ಬೇಕಾದರೆ ಮುಸಲ್ಮಾನರೆಂದು ಹೇಳಿಕೊಳ್ಳಬೇಕೆಂದು ಗಾಡಿಯವನು ಎಚ್ಚರಿಸಿದನು. ಭೀಮ ಹೋಗಿ ಹಾಗೆಯೇ ಹೇಳಿ ಬೇಡಿದನು. ಸುಂಕದವನು ಕರಗಲಿಲ್ಲ, ನೀರು ಗುಡ್ಡದ ಮೇಲಿದೆ, ಬೇಕಾದವರು ಹೋಗಿ ತಂದುಕೊಳ್ಳಲಿ ಎಂದು ಮುಖ ತಿರುಗಿಸಿದನು. ಬುತ್ತಿಯನ್ನು ಪಕ್ಕದಲ್ಲಿಟ್ಟುಕೊಂಡೇ ಆ ಮಕ್ಕಳು ಹಸಿದು ಮಲಗಿದರು. ನೀರಿಲ್ಲದೆ ಒಣರೊಟ್ಟಿ ಗಂಟಲಿಳಿಯದು. ಮರುದಿನ ಅವರು ತಂದೆಯನ್ನು ಸೇರಿದರು. ಮಗನು ಒಂದು ಗುಟುಕು ನೀರಿಗಾಗಿ ರಾತ್ರಿಯೆಲ್ಲ ಪರಿತಪಿಸಿದ ಆ ಕಾಲದಲ್ಲಿ ತಂದೆಯು ಕೆರೆ ತೋಡುವ ಕೂಲಿಗಾರರ ಲೆಕ್ಕ ಬರೆಯುತ್ತಿದ್ದನೆಂಬುದು ಎಂತಹ ವಿಪರ್ಯಾಸ! ಆಗ ಭೀಮನಿಗೆ ಹತ್ತು ವರ್ಷದ ಆಸುಪಾಸು.

ಮುಂದಿನ ವಿದ್ಯಾಭ್ಯಾಸದ ಕಥೆ ಬಹುಮಟ್ಟಿಗೆ ಎಲ್ಲರಿಗೂ ತಿಳಿದಿರುವಂಥದು. 1907ರಲ್ಲಿ ಮೆಟ್ರಿಕ್ಯುಲೇಷನ್, 1912ರಲ್ಲಿ ಬೊಂಬಾಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪದವಿ, ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿ ವೇತನದಿಂದ 1913ರಲ್ಲಿ ಅಮೆರಿಕಕ್ಕೆ ಪ್ರಯಾಣ, ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಅಧ್ಯಯನ, ಅನಂತರ ಲಂಡನ್ನಿನಲ್ಲಿ ಅರ್ಥಶಾಸ್ತ್ರವೂ ನ್ಯಾಯಶಾಸ್ತ್ರವೂ. ನ್ಯೂಯಾರ್ಕಿನಲ್ಲಾಗಲಿ ಲಂಡನ್ನಿನಲ್ಲಾಗಲಿ ಅವರು ನೀರು ಕುಡಿಯಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. 1917ರಲ್ಲಿ ಹಿಂದಿರುಗಿ ಬರೋಡದ ಉದ್ಯೋಗಕ್ಕೆ ಸೇರಿದಾಗ ಕಛೇರಿಯ ಜವಾನರು ಕಾಗದಪತ್ರಗಳನ್ನು ದೂರದಿಂದ ಎಸೆಯುತ್ತಿದ್ದರು. ಕುಡಿಯುವ ನೀರೂ ಅಲ್ಲಿ ಅವರಿಗೆ ದೊರೆಯುತ್ತಿರಲಿಲ್ಲ. ಮರುವರ್ಷ ಬೊಂಬಾಯಿಯ ಸಿಡ್ನಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದಾಗಲೂ, ಅಧ್ಯಾಪಕರಿಗೆಂದು ಇಟ್ಟಿದ್ದ ಕೊಡದಿಂದ ಅವರು ನೀರು ಕುಡಿಯುವುದಕ್ಕೆ ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರೆಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ. ವಿದ್ಯೆ ಬಡತನವನ್ನು ಕಳೆಯಬಹುದು. ಅದರಿಂದ ಜಾತಿ ಕಳೆಯಲಿಲ್ಲ. ಪುನಃ ಲಂಡನ್ನಿಗೆ ತೆರಳಿ, ಅಪೂರ್ಣವಾಗಿದ್ದ ವ್ಯಾಸಂಗವನ್ನು ಮುಗಿಸಿ, ಬ್ಯಾರಿಸ್ಟರರಾಗಿ 1923ರಲ್ಲಿ ಅವರು ಹಿಂದಿರುಗಿದರು. ಮರುವರ್ಷ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು.

ಅವರು ಹಿಂದಿರುಗಿದ ಆ 1923ರಲ್ಲಿಯೇ ಬೊಂಬಾಯಿಯ ಶಾಸನ ಸಭೆಯಲ್ಲಿ ಮಹತ್ತ್ವದ ನಿರ್ಣಯವೊಂದು ಅಂಗೀಕೃತವಾಗಿತ್ತು. ಸೀತಾರಾಮ್ ಕೇಶವ ಬೋಲೆ ಎಂಬ ಸಮಾಜ ಸುಧಾರಕರು ಅದನ್ನು ಮಂಡಿಸಿದವರು. ಸಾರ್ವಜನಿಕ ಹಣದಿಂದ ಕಟ್ಟಿದ ಅಥವಾ ನಡೆಯುತ್ತಿರುವ ಕೆರೆ, ಬಾವಿ, ಧರ್ಮಶಾಲೆಗಳನ್ನೂ ಶಾಲೆ, ನ್ಯಾಯಾಲಯ, ಔಷಧಾಲಯಗಳನ್ನೂ ಅಸ್ಪೃಶ್ಯರು ಬಳಸಬಹುದೆಂಬುದು ಅದರ ತಾತ್ಪರ್ಯ. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಬೊಂಬಾಯಿ ಪ್ರಾಂತ್ಯಕ್ಕೇ ಸೇರಿದ್ದುದರಿಂದ ಈ ನಿರ್ಣಯವು ಇಲ್ಲಿಯ ಹಳ್ಳಿಗಳಿಗೂ ಅನ್ವಯಿಸುತ್ತಿತ್ತು. 1925ರಲ್ಲಿ ಅಂಬೇಡ್ಕರರು ನಿಪ್ಪಾಣಿಗೆ ಬಂದು ಅಲ್ಲಿ ಸೇರಿದ್ದ ಪರಿಷತ್ತಿನಲ್ಲಿ ಭಾಗವಹಿಸಿದ್ದುಂಟು.

ನಿರ್ಣಯವೇನೋ ಆಯಿತು. ಆದರೆ ಕಾಗದದ ಮೇಲಿನ ಶಾಯಿ ಬಾವಿಯ ಕಟ್ಟೆಯವರೆಗೆ ಹರಿಯಲಿಲ್ಲ. ಪುರಸಭೆಗಳೂ ಜಿಲ್ಲಾ ಮಂಡಲಿಗಳೂ ಅದನ್ನು ಕಡತಕ್ಕೆ ಸೇರಿಸಿ ಸುಮ್ಮನಾದವು.

ಕೊಂಕಣದ ಕೊಲಾಬಾ ಜಿಲ್ಲೆಯಲ್ಲಿ, ಈಗ ರಾಯಗಡವೆಂದು ಕರೆಯಲ್ಪಡುವ ಆ ಜಿಲ್ಲೆಯಲ್ಲಿ, ಸಾವಿತ್ರೀ ನದಿಯ ದಡದ ಮೇಲೆ ಮಹಾಡ್ ಎಂಬ ವ್ಯಾಪಾರದ ಪಟ್ಟಣವಿದೆ. ಸುತ್ತಣ ಹಳ್ಳಿಗಳ ಬಡಜನರು ಸಂತೆಗೂ ಕಛೇರಿಯ ಕೆಲಸಗಳಿಗೂ ಅಲ್ಲಿಗೆ ಬರಬೇಕು. ಪಟ್ಟಣದಲ್ಲಿ ಚವದಾರ್ ಎಂಬ ಹೆಸರಿನ, ನಾಲ್ಕೈದು ಎಕರೆ ವಿಸ್ತಾರದ ಕೆರೆಯೊಂದಿದೆ. ಚವದಾರ್ ಎಂದರೆ ಮರಾಠಿಯಲ್ಲಿ ರುಚಿಯುಳ್ಳದ್ದು ಎಂದರ್ಥ. ಅದರ ನಾಲ್ಕು ಕಡೆಯೂ ಪುರಸಭೆಯ ರಸ್ತೆ. ರಸ್ತೆಯ ಆಚೆ ಮೇಲ್ಜಾತಿಯವರ ಮನೆಗಳು. ಮುಸಲ್ಮಾನರು ಆ ನೀರನ್ನು ಬಳಸುತ್ತಿದ್ದರು. ದನಕರುಗಳಿಗೂ ಅಡ್ಡಿಯಿರಲಿಲ್ಲ. ಬಿಸಿಲಲ್ಲಿ ಹತ್ತಾರು ಮೈಲಿ ನಡೆದು ಬಂದ ಮಹಾರನಿಗೆ ಮಾತ್ರ ಅದು ನೋಡುವ ನೀರು, ಕುಡಿಯುವ ನೀರಲ್ಲ. ಬೋಲೆಯವರ ನಿರ್ಣಯವನ್ನು ಅನುಸರಿಸಿ ಮಹಾಡಿನ ಪುರಸಭೆಯು 1924ರ ಜನವರಿಯಲ್ಲಿ ಕೆರೆಯನ್ನು ಎಲ್ಲರಿಗೂ ತೆರೆದಿದೆಯೆಂದು ಸಾರಿತ್ತು. ಆದರೂ ಮೂರು ವರ್ಷ ಕಳೆದರೂ ಒಬ್ಬ ಅಸ್ಪೃಶ್ಯನಾದರೂ ಅದರ ಮೆಟ್ಟಿಲಿಳಿಯಲು ಧೈರ್ಯಮಾಡಲಿಲ್ಲ.

1927ನೆಯ ಮಾರ್ಚ್ 19 ಮತ್ತು 20ರಂದು ಮಹಾಡಿನಲ್ಲಿ ಕೊಲಾಬಾ ಜಿಲ್ಲೆಯ ಬಹಿಷ್ಕೃತ ವರ್ಗಗಳ ಪರಿಷತ್ತು ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಸೇರಿತು. ಅದನ್ನು ಸಂಘಟಿಸಲು ಶ್ರಮಿಸಿದವರಲ್ಲಿ ರಾಮಚಂದ್ರ ಬಾಬಾಜಿ ಮೋರೆ ಎಂಬ ತರುಣರು ಮುಖ್ಯರು. ಹಳ್ಳಿಹಳ್ಳಿಗಳಿಂದ ಸಾವಿರಾರು ಜನ ರೊಟ್ಟಿಯ ಗಂಟನ್ನು ಹೆಗಲಿಗೇರಿಸಿಕೊಂಡು ಕಾಲುನಡಿಗೆಯಲ್ಲಿ ಬಂದರು. ಸೈನ್ಯದಿಂದ ನಿವೃತ್ತರಾದ ಮುದುಕರೂ ಹದಿಹರೆಯದ ಬಾಲಕರೂ ಅವರಲ್ಲಿದ್ದರು. ಇಷ್ಟು ಜನರಿಗೆ ಕುಡಿಯಲು ನೀರೆಲ್ಲಿ? ಊರಿನ ನಡುವೆ ತುಂಬಿದ ಕೆರೆಯಿದ್ದರೂ, ಪರಿಷತ್ತಿನವರು ನಲವತ್ತು ರೂಪಾಯಿಗಳನ್ನು ತೆತ್ತು ಮೇಲ್ಜಾತಿಯವರಿಂದ ನೀರನ್ನು ಕೊಂಡು ತರಿಸಬೇಕಾಯಿತು. ಅಂದಿನ ದಿನಗಳಲ್ಲಿ ನಲವತ್ತು ರೂಪಾಯಿ ಬಡ ಕೂಲಿಯವನಿಗೆ ತಿಂಗಳುಗಳ ಸಂಪಾದನೆ.

ಅಂಬೇಡ್ಕರರು ತಮ್ಮ ಭಾಷಣದಲ್ಲಿ ಜನರಿಗೆ ಸತ್ತ ದನದ ಮಾಂಸವನ್ನು ಬಿಡುವಂತೆಯೂ ಮಕ್ಕಳನ್ನು ಓದಿಸುವಂತೆಯೂ ಆತ್ಮಗೌರವವನ್ನು ಬೆಳೆಸಿಕೊಳ್ಳುವಂತೆಯೂ ಬೋಧಿಸಿದರು. ಎರಡನೆಯ ದಿನ ನಿರ್ಣಯಗಳೆಲ್ಲ ಮುಗಿದು ವಂದನಾರ್ಪಣೆಯ ಹೊತ್ತಿಗೆ ಅನಂತರಾವ್ ಚಿತ್ರೆಯವರು ಎದ್ದುನಿಂತು, ಪುರಸಭೆಯು ಕೊಟ್ಟಿರುವ ಹಕ್ಕನ್ನು ಈ ದಿನವೇ ಚಲಾಯಿಸೋಣವೆಂದು ಸೂಚಿಸಿದರು. ಚಿತ್ರೆಯವರು ಅಸ್ಪೃಶ್ಯರಲ್ಲ, ಪುರಸಭೆಯ ಅಧ್ಯಕ್ಷರಾಗಿದ್ದ ಸುರೇಂದ್ರನಾಥ ಟಿಪ್ಣೀಸರೂ ಅಲ್ಲ, ಬ್ರಾಹ್ಮಣರಾದ ಗಂಗಾಧರ ಸಹಸ್ರಬುದ್ಧೆಯವರೂ ಅಲ್ಲ. ಇವರು ಆ ಹೋರಾಟದಲ್ಲಿ ಹೆಗಲಿಗೆ ಹೆಗಲು ಕೊಟ್ಟವರೆಂಬುದನ್ನು ಮರೆಯುವಂತಿಲ್ಲ.

ನಾಲ್ಕು ನಾಲ್ಕು ಮಂದಿಯ ಸಾಲಿನಲ್ಲಿ, ಗದ್ದಲವಿಲ್ಲದೆ, ಆ ಜನಸಮೂಹವು ಪಟ್ಟಣದ ಬೀದಿಗಳಲ್ಲಿ ಸಾಗಿ ಕೆರೆಯನ್ನು ಸೇರಿತು. ಅಂಬೇಡ್ಕರರು ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರನ್ನೆತ್ತಿ ಕುಡಿದರು. ಅವರ ಹಿಂದೆ ನೂರಾರು ಕೈಗಳು ನೀರನ್ನು ಮುಟ್ಟಿದವು. ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿಯೂ ಲಂಡನ್ನಿನಲ್ಲಿಯೂ ಉನ್ನತ ಪದವಿಗಳನ್ನು ಪಡೆದ ವಿದ್ವಾಂಸನೂ ಹೆಸರು ಬರೆಯಲು ಬಾರದ ಕೂಲಿಗಾರನೂ ಒಂದೇ ಕೆರೆಯಿಂದ ನೀರು ಕುಡಿದ ದಿನವದು. ಮೆರವಣಿಗೆಯು ಬಂದಂತೆಯೇ ಶಾಂತವಾಗಿ ಹಿಂದಿರುಗಿತು.

ಎರಡು ಗಂಟೆಗಳೂ ಕಳೆದಿರಲಿಲ್ಲ. ಅಸ್ಪೃಶ್ಯರು ವೀರೇಶ್ವರ ದೇವಾಲಯವನ್ನೂ ಪ್ರವೇಶಿಸುವರೆಂಬ ಸುಳ್ಳುಸುದ್ದಿಯನ್ನು ಯಾರೋ ಹಬ್ಬಿಸಿದರು. ದೊಣ್ಣೆಗಳನ್ನು ಹಿಡಿದ ಗುಂಪು ಪರಿಷತ್ತಿನ ಚಪ್ಪರಕ್ಕೆ ನುಗ್ಗಿತು. ಊಟಕ್ಕೆ ಕುಳಿತಿದ್ದವರನ್ನು ಹೊಡೆದರು. ಅನ್ನವನ್ನು ಮಣ್ಣುಪಾಲು ಮಾಡಿದರು. ಊರಿಗೆ ಹಿಂದಿರುಗುತ್ತಿದ್ದವರನ್ನು ಬೀದಿಗಳಲ್ಲಿ ಅಟ್ಟಿದರು. ಸುಮಾರು ಇಪ್ಪತ್ತು ಮಂದಿಗೆ ತೀವ್ರವಾದ ಗಾಯಗಳಾದವು. ಕೆಲವರು ಮುಸಲ್ಮಾನರ ಮನೆಗಳಲ್ಲಿ ಆಶ್ರಯ ಪಡೆದು ಪ್ರಾಣ ಉಳಿಸಿಕೊಂಡರು. ಪ್ರವಾಸಿ ಬಂಗಲೆಯಲ್ಲಿದ್ದ ಅಂಬೇಡ್ಕರರ ಸುತ್ತ ಸೇರಿದ ತರುಣರೂ ನಿವೃತ್ತ ಯೋಧರೂ ಅಪ್ಪಣೆಯೊಂದಿದ್ದರೆ ಸೇಡು ತೀರಿಸಿಕೊಳ್ಳಲು ಸಿದ್ಧರಾಗಿದ್ದರು. ಅವರ ಸಂಖ್ಯೆಯೂ ಕಡಮೆಯಿರಲಿಲ್ಲ, ಶೌರ್ಯವೂ ಕಡಮೆಯಿರಲಿಲ್ಲ. ಅಂಬೇಡ್ಕರರು ಆ ಅಪ್ಪಣೆಯನ್ನು ಕೊಡಲಿಲ್ಲ. ಅವರ ಜೀವನದ ದೊಡ್ಡ ನಿರ್ಧಾರಗಳಲ್ಲಿ ಇದೊಂದು. ಅಂದು ರಕ್ತ ಹರಿದಿದ್ದರೆ, ಮರುದಿನದಿಂದ ಹಳ್ಳಿಗಳಲ್ಲಿ ಒಂಟಿಒಂಟಿಯಾಗಿದ್ದ ನಾಲ್ಕೈದು ಗುಡಿಸಲುಗಳ ಗತಿ ಏನಾಗುತ್ತಿತ್ತೆಂಬುದನ್ನು ಅವರು ಬಲ್ಲವರಾಗಿದ್ದರು. ಪೋಲೀಸು ಠಾಣೆಗೆ ಹೋಗಿ ದೂರನ್ನು ದಾಖಲು ಮಾಡಿಸಿದರು. ಮೊಕದ್ದಮೆ ನಡೆದು ಆ ವರ್ಷದ ಜೂನ್ ತಿಂಗಳಲ್ಲಿ ಐವರು ಅಪರಾಧಿಗಳಿಗೆ ನಾಲ್ಕು ನಾಲ್ಕು ತಿಂಗಳ ಕಠಿಣ ಶಿಕ್ಷೆಯಾಯಿತು.

ಅತ್ತ ಮಹಾಡಿನ ಸನಾತನಿಗಳಿಗೆ ಕೆರೆಯು ಮೈಲಿಗೆಯಾಯಿತೆಂಬ ಚಿಂತೆ. ನೂರೆಂಟು ಮಡಕೆಗಳಲ್ಲಿ ನೀರು ತುಂಬಿ, ಸಗಣಿ, ಗಂಜಲ, ಹಾಲು, ಮೊಸರುಗಳನ್ನು ಬೆರಸಿ, ಮಂತ್ರಘೋಷದೊಡನೆ ಕೆರೆಯಲ್ಲಿ ಮುಳುಗಿಸಿ ಅದನ್ನು ಶುದ್ಧಿಗೊಳಿಸಿದರು. ಆ ವೇಳೆಗೆ, ಅಂದರೆ 1884ರಲ್ಲಿಯೇ, ಜರ್ಮನಿಯ ವಿಜ್ಞಾನಿ ರಾಬರ್ಟ್ ಕೋಕ್ ಕಲ್ಕತ್ತದ ಕೆರೆಯೊಂದರ ನೀರಿನಲ್ಲಿ ಕಾಲರಾ ರೋಗದ ಜೀವಾಣುವನ್ನು ಕಂಡು ನಲವತ್ತು ವರ್ಷಗಳಿಗೂ ಮೇಲಾಗಿತ್ತು. ಕುಡಿಯುವ ನೀರು ಯಾವುದರಿಂದ ಕೆಡುತ್ತದೆ, ಯಾವುದರಿಂದ ಕೆಡುವುದಿಲ್ಲ ಎಂಬುದನ್ನು ವಿಜ್ಞಾನವು ಆಗಲೇ ತಿಳಿಸಿತ್ತು. ಮನುಷ್ಯನ ಬೊಗಸೆಯಿಂದ ಅಶುದ್ಧವಾಯಿತೆಂದು ಬಗೆದ ನೀರಿಗೆ ಸಗಣಿಯನ್ನು ಬೆರಸಿ ಶುದ್ಧಮಾಡಿದ ಈ ಕ್ರಮವನ್ನು ಕುರಿತು ವಿದ್ಯಾರ್ಥಿಗಳು ತಾವೇ ಆಲೋಚಿಸಬಹುದು.

ಆ ಘಟನೆಯಾದ ಎರಡು ವಾರಗಳಲ್ಲಿ, ಏಪ್ರಿಲ್ 3ರಂದು, ಅಂಬೇಡ್ಕರರು ಬಹಿಷ್ಕೃತ ಭಾರತ ಎಂಬ ಮರಾಠಿ ಪತ್ರಿಕೆಯನ್ನು ಪ್ರಾರಂಭಿಸಿದರು. ಇತ್ತ ಮಹಾಡಿನ ಪುರಸಭೆಯು ಒತ್ತಡಕ್ಕೆ ಮಣಿದು, ಕೆರೆಯನ್ನು ತೆರೆದಿದ್ದ ತನ್ನ ಹಳೆಯ ನಿರ್ಣಯವನ್ನು ಆಗಸ್ಟ್ ತಿಂಗಳಲ್ಲಿ ರದ್ದುಗೊಳಿಸಿತು. ಸವಾಲು ಸ್ಪಷ್ಟವಾಗಿತ್ತು. ಡಿಸೆಂಬರ್ ತಿಂಗಳಿನಲ್ಲಿ ಮತ್ತೆ ಮಹಾಡಿನಲ್ಲಿ ಸೇರಿ ಸತ್ಯಾಗ್ರಹವನ್ನು ಹೂಡುವುದೆಂದು ನಿಶ್ಚಯವಾಯಿತು.

ಈ ಬಾರಿ ಎದುರಾಳಿಗಳೂ ಸುಮ್ಮನಿರಲಿಲ್ಲ. ಕೆರೆಯು ಖಾಸಗಿ ಸ್ವತ್ತೆಂದೂ, ಅನಾದಿಯಿಂದ ಅಸ್ಪೃಶ್ಯರಿಗೆ ಅಲ್ಲಿ ಪ್ರವೇಶವಿಲ್ಲವೆಂದೂ ನ್ಯಾಯಾಲಯದಲ್ಲಿ ದಾವೆ ಹೂಡಿ, ಡಿಸೆಂಬರ್ 14ರಂದು ತಾತ್ಕಾಲಿಕ ತಡೆಯಾಜ್ಞೆಯನ್ನು ಪಡೆದರು. ಪರಿಷತ್ತಿಗೆ ಸ್ಥಳ ಕೊಡಲು ಯಾವ ಹಿಂದುವೂ ಮುಂದೆ ಬರಲಿಲ್ಲ. ಫತ್ತೇಖಾನ್ ಎಂಬ ಮುಸಲ್ಮಾನರು ತಮ್ಮ ಹೊಲವನ್ನು ಬಿಟ್ಟುಕೊಟ್ಟರು. ಅಂಗಡಿಕಾರರು ಸಾಮಾನು ಮಾರುವುದಿಲ್ಲವೆಂದುದರಿಂದ ದವಸವನ್ನು ಮುಂಚಿತವಾಗಿಯೇ ಸಂಗ್ರಹಿಸಿಡಬೇಕಾಯಿತು. ಅಂಬೇಡ್ಕರರು ಬೊಂಬಾಯಿಯಿಂದ ಹಡಗಿನಲ್ಲಿ ಹೊರಟು ದಾಸಗಾಂವ್ ಬಂದರಿನಲ್ಲಿ ಇಳಿದು, ಅಲ್ಲಿಂದ ಜನರೊಡನೆ ನಡೆದು 25ರಂದು ಮಹಾಡನ್ನು ತಲಪಿದರು.

ನೆರೆದ ಸಭೆಗೆ ಅವರು ಹೇಳಿದ ಮುಖ್ಯ ಮಾತಿನ ಸಾರವಿಷ್ಟು. ಈ ಕೆರೆಯ ನೀರನ್ನು ಕುಡಿಯದೆ ತಾವು ಇದುವರೆಗೆ ಸತ್ತಿಲ್ಲ, ಕುಡಿದ ಮಾತ್ರಕ್ಕೆ ಅಮರರೂ ಆಗುವುದಿಲ್ಲ. ಮಿಕ್ಕವರಂತೆ ತಾವೂ ಮನುಷ್ಯರೆಂಬುದನ್ನು ಸ್ಥಾಪಿಸುವುದಕ್ಕಾಗಿಯೇ ಕೆರೆಗೆ ಹೋಗುವುದು ಎಂದು ಅವರು ವಿವರಿಸಿದರು. ಆ ಸಭೆಯನ್ನು ಅವರು 1789ರಲ್ಲಿ ಫ್ರಾನ್ಸಿನಲ್ಲಿ ಸೇರಿದ ರಾಷ್ಟ್ರೀಯ ಸಭೆಗೆ ಹೋಲಿಸಿದರು. ಹೊಲದ ನಡುವಿನ ಚಪ್ಪರದಲ್ಲಿ ನೆಲದ ಮೇಲೆ ಕುಳಿತ ರೈತಕೂಲಿಗಳ ಸಭೆಗೆ ಇಂತಹ ಹೋಲಿಕೆ ಅತಿಶಯವೆಂದು ಅಂದು ತೋರಿರಬಹುದು. ಆ ರಾತ್ರಿ, ಅಸಮಾನತೆಯ ಶಾಸ್ತ್ರಾಧಾರವೆಂದು ಅವರು ಭಾವಿಸಿದ್ದ ಮನುಸ್ಮೃತಿಯ ಪ್ರತಿಯನ್ನು ಸಹಸ್ರಬುದ್ಧೆಯವರ ಕೈಯಿಂದಲೇ ಅಗ್ನಿಗೆ ಅರ್ಪಿಸಲಾಯಿತು.

ಆದರೆ ಕೆರೆಯ ವಿಷಯದಲ್ಲಿ ಇಕ್ಕಟ್ಟು ಒದಗಿತು. ಸತ್ಯಾಗ್ರಹಕ್ಕೆ ಸಾವಿರಾರು ಮಂದಿ ಹೆಸರು ಕೊಟ್ಟು ಸೆರೆಮನೆಗೆ ಸಿದ್ಧರಾಗಿ ನಿಂತಿದ್ದರು. ಜಿಲ್ಲಾಧಿಕಾರಿಯು ಸ್ವತಃ ಸಭೆಗೆ ಬಂದು, ನ್ಯಾಯಾಲಯದ ಆಜ್ಞೆಯನ್ನು ಮೀರಬಾರದೆಂದು ಕೇಳಿಕೊಂಡನು. ಮುಂದುವರಿದರೆ ಸರ್ಕಾರವನ್ನೂ ಎದುರಿಸಬೇಕು. ಹಿಂದೆಗೆದರೆ ಜನರ ಉತ್ಸಾಹ ಕುಸಿಯುತ್ತದೆ. ದೀರ್ಘವಾದ ಚರ್ಚೆಯ ಬಳಿಕ ಅಂಬೇಡ್ಕರರು, ಹಕ್ಕು ತಮ್ಮ ಕಡೆಗಿರುವುದರಿಂದ ಅದನ್ನು ನ್ಯಾಯಾಲಯದಲ್ಲಿಯೇ ಸಾಧಿಸುವುದು ಲೇಸೆಂದು ಜನರನ್ನು ಒಪ್ಪಿಸಿದರು. ಒಪ್ಪಿಸುವುದು ಸುಲಭವಾಗಿರಲಿಲ್ಲ. ಜನರು ಕೆರೆಯ ಸುತ್ತ ಮೆರವಣಿಗೆಯಲ್ಲಿ ಒಂದು ಬಾರಿ ನಡೆದು, ನೀರನ್ನು ಮುಟ್ಟದೆ ಹಿಂದಿರುಗಿದರು. ಮಾರ್ಚ್ ತಿಂಗಳಲ್ಲಿ ನೀರು ಕುಡಿದ ಧೈರ್ಯಕ್ಕಿಂತ ಡಿಸೆಂಬರಿನಲ್ಲಿ ಕುಡಿಯದೆ ಮರಳಿದ ಸಂಯಮವು ಹೆಚ್ಚು ಕಠಿಣವಾದುದೆಂದು ತೋರುತ್ತದೆ.

ನ್ಯಾಯದ ದಾರಿ ನಿಧಾನದ ದಾರಿ. 1928ರ ಫೆಬ್ರವರಿಯಲ್ಲಿ ತಡೆಯಾಜ್ಞೆ ತೆರವಾಯಿತು. ಮೂಲ ದಾವೆ ಮಾತ್ರ ಉಳಿಯಿತು. 1931ರಲ್ಲಿ ಕೆಳಗಣ ನ್ಯಾಯಾಲಯವು ಅದನ್ನು ವಜಾಮಾಡಿತು. ವಾದಿಗಳು ಮೇಲ್ಮನವಿ ಸಲ್ಲಿಸಿದರು. 1933ರಲ್ಲಿ ಅದೂ ವಜಾ ಆಯಿತು. ಅವರು ಬೊಂಬಾಯಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. ಈ ನಡುವೆ ಅಂಬೇಡ್ಕರರ ಜೀವನ ಎಲ್ಲಿಂದೆಲ್ಲಿಗೋ ಸಾಗಿತ್ತು: 1930ರಲ್ಲಿ ನಾಸಿಕದ ಕಾಳಾರಾಮ ದೇವಾಲಯದ ಸತ್ಯಾಗ್ರಹ, ಲಂಡನ್ನಿನ ದುಂಡುಮೇಜಿನ ಪರಿಷತ್ತುಗಳು, 1932ರ ಪುಣೆಯ ಒಪ್ಪಂದ. ದೇಶದ ಭವಿಷ್ಯವನ್ನು ಕುರಿತು ಪ್ರಧಾನಿಗಳೊಡನೆ ಸಮಾಲೋಚಿಸುತ್ತಿದ್ದ ಈ ನಾಯಕರು ಊರಿನಲ್ಲಿ ಇನ್ನೂ ಒಂದು ಕೆರೆಯ ಮೊಕದ್ದಮೆಯ ಪ್ರತಿವಾದಿಯೇ ಆಗಿದ್ದರು.

1934ರಲ್ಲಿ ನಡೆದ ಒಂದು ಸಂಗತಿ ಈ ಸಂದರ್ಭದಲ್ಲಿ ಉಲ್ಲೇಖನೀಯವಾಗಿದೆ. ಅಂಬೇಡ್ಕರರು ಸುಮಾರು ಮೂವತ್ತು ಮಂದಿ ಸಂಗಡಿಗರೊಡನೆ ಎಲ್ಲೋರದ ಗುಹೆಗಳನ್ನು ನೋಡಲು ಹೊರಟು, ಮಾರ್ಗದಲ್ಲಿ ದೌಲತಾಬಾದಿನ ಕೋಟೆಯನ್ನು ಸಂದರ್ಶಿಸಿದರು. ದಾರಿಯ ಧೂಳಿನಿಂದ ಬಂದವರು ಕೋಟೆಯ ಬಾಗಿಲ ಬಳಿಯ ಕೊಳದಲ್ಲಿ ಕೈಕಾಲು ಮುಖ ತೊಳೆದುಕೊಂಡರು. ಒಡನೆಯೇ ವೃದ್ಧನೊಬ್ಬನು ಕೊಳ ಮೈಲಿಗೆಯಾಯಿತೆಂದು ಕೂಗುತ್ತ ಬಂದನು. ಜನ ಗುಂಪುಗೂಡಿ ನಿಂದಿಸಿದರು. ಆತನು ಮುಸಲ್ಮಾನ. ಕೊನೆಗೆ, ಎಲ್ಲಿಯೂ ನೀರನ್ನು ಮುಟ್ಟಬಾರದೆಂಬ ಷರತ್ತಿನ ಮೇಲೆ, ಕಾವಲಿಗೆ ಆಯುಧಪಾಣಿಯಾದ ಸಿಪಾಯಿಯನ್ನು ಜೊತೆಗೆ ಕಳುಹಿಸಿ ಕೋಟೆಯೊಳಕ್ಕೆ ಬಿಟ್ಟರು. ಮಹಾಡಿನಲ್ಲಿ ಆಶ್ರಯವಿತ್ತ ಸಮಾಜದಲ್ಲಿಯೂ ಈ ವ್ಯಾಧಿ ಅಂಟಿಕೊಂಡಿರುವುದನ್ನು ಅವರು ಮರೆಮಾಚದೆ ಬರೆದಿದ್ದಾರೆ.

1937ನೆಯ ಮಾರ್ಚ್ 17ರಂದು ಉಚ್ಚ ನ್ಯಾಯಾಲಯದ ತೀರ್ಪು ಹೊರಬಿತ್ತು. ಅಂಬೇಡ್ಕರರು ಕೆರೆಯ ಮೆಟ್ಟಿಲಿಳಿದ ದಿನದಿಂದ ಹತ್ತು ವರ್ಷ ತುಂಬಲು ಮೂರು ದಿನ ಉಳಿದಿತ್ತು. ತೀರ್ಪಿತ್ತವರಲ್ಲಿ ಒಬ್ಬರು ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಯವರಿಗೆ ಆರು ವರ್ಷಗಳ ಸೆರೆವಾಸವನ್ನು ವಿಧಿಸಿದ್ದ ನ್ಯಾಯಾಧೀಶರು ಇವರೇ. ಕೆರೆಯಿಂದ ಅಸ್ಪೃಶ್ಯರನ್ನು ಹೊರಗಿಡುವ ಪದ್ಧತಿಯು ಅನಾದಿಯಾದುದೆಂಬುದನ್ನು ವಾದಿಗಳು ಸಿದ್ಧಪಡಿಸಿಲ್ಲವೆಂದು ನ್ಯಾಯಾಲಯ ನಿರ್ಣಯಿಸಿತು. ಕೆಲವು ದಶಕಗಳಿಂದ ಯಾರೂ ಹೋಗಿಲ್ಲವೆಂದ ಮಾತ್ರಕ್ಕೆ, ಹೋಗಬಾರದೆಂಬ ಶಾಶ್ವತವಾದ ಕಟ್ಟಳೆ ಹುಟ್ಟುವುದಿಲ್ಲ. ಮೇಲ್ಮನವಿ ವಜಾ ಆಯಿತು. ಚವದಾರ್ ಕೆರೆ ಎಲ್ಲರದೆಂಬುದು ನ್ಯಾಯದ ಮುಂದೆ ಸ್ಥಿರಪಟ್ಟಿತು. ಒಂದು ಊರಿನ ಒಂದು ಕೆರೆಗೆ ಹತ್ತು ವರ್ಷ ಹಿಡಿದಿದ್ದರೆ, ದೇಶದ ಲಕ್ಷಾಂತರ ಹಳ್ಳಿಗಳ ಬಾವಿಗಳಿಗೆ ಎಷ್ಟು ಕಾಲ ಬೇಕು? ಒಂದೊಂದನ್ನೂ ದಾವೆ ಹೂಡಿ ತೆರೆಸುವುದು ಬಡವರಿಂದ ಆಗುವ ಕಾರ್ಯವಲ್ಲ.

1942ರಿಂದ 1946ರವರೆಗೆ ಅವರು ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಖಾತೆಯನ್ನು ವಹಿಸಿದ್ದರು. ನೀರಾವರಿ ಮತ್ತು ವಿದ್ಯುಚ್ಛಕ್ತಿಯ ವಿಷಯಗಳೂ ಆ ಖಾತೆಗೇ ಸೇರಿದ್ದವು. ದಾಮೋದರ ಕಣಿವೆಯ ಯೋಜನೆಗೆ ಅಡಿಪಾಯ ಬಿದ್ದುದೂ, ಇಂದಿನ ಕೇಂದ್ರ ಜಲ ಆಯೋಗದ ಮೂಲ ಸಂಸ್ಥೆಯು 1945ರಲ್ಲಿ ರೂಪುಗೊಂಡುದೂ ಅವರ ಅಧಿಕಾರಾವಧಿಯಲ್ಲಿ. ಅಂಬೇಡ್ಕರರ ಜೀವನದ ಈ ಭಾಗವನ್ನು ಜನ ಅಷ್ಟಾಗಿ ಅರಿತಿಲ್ಲ.

ಸ್ವತಂತ್ರ ಭಾರತದ ಸಂವಿಧಾನದ ಕರಡು ಸಮಿತಿಗೆ 1947ರ ಆಗಸ್ಟ್ 29ರಂದು ಅವರು ನೇಮಕಗೊಂಡರು. ಅದರ ಅಧ್ಯಕ್ಷರಾಗಿ ಆ ಮಹಾಕಾರ್ಯವನ್ನು ನಡೆಸಿದರು. ಸಂವಿಧಾನದ ಹದಿನೇಳನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತೆಂಬುದು ಸರ್ವವಿದಿತ. ಹದಿನೈದನೆಯ ವಿಧಿಯನ್ನೂ ಗಮನವಿಟ್ಟು ಓದಬೇಕು. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ನಾಗರಿಕನಿಗೂ ಯಾವ ಯಾವ ಸ್ಥಳಗಳಲ್ಲಿ ಅಡ್ಡಿಯಾಗಕೂಡದೆಂಬುದನ್ನು ಅದು ಎಣಿಸಿ ಹೇಳುತ್ತದೆ. ಅಂಗಡಿ, ಉಪಾಹಾರಗೃಹಗಳ ಜೊತೆಗೆ, ಸರ್ಕಾರದ ಹಣದಿಂದ ನಡೆಯುವ ಅಥವಾ ಜನರ ಬಳಕೆಗೆಂದು ಮೀಸಲಾದ ಬಾವಿಗಳು, ಕೆರೆಗಳು, ಸ್ನಾನಘಟ್ಟಗಳು ಅಲ್ಲಿ ಹೆಸರು ಹೇಳಿ ಸೇರಿವೆ. ದೇಶದ ಮೂಲಭೂತ ಶಾಸನದಲ್ಲಿ ಬಾವಿಗೂ ಕೆರೆಗೂ ಏನು ಸ್ಥಾನವೆಂದು ಹೊರನಾಡಿನ ಪಂಡಿತನು ಅಚ್ಚರಿಪಡಬಹುದು. ಮಹಾಡಿನ ಚರಿತ್ರೆಯನ್ನು ಬಲ್ಲವನು ಪಡಲಾರನು. ಈ ವಿಧಿಯು ಸರ್ಕಾರವನ್ನು ಮಾತ್ರವೇ ಕಟ್ಟಿಹಾಕುವುದಿಲ್ಲ. ಬಾವಿಯ ಕಟ್ಟೆಯ ಮೇಲೆ ನಿಂತು ನೆರೆಯವನನ್ನು ತಡೆಯುವ ಪ್ರಜೆಯನ್ನೂ ಕಟ್ಟುತ್ತದೆ. ಇದನ್ನು ಕಾರ್ಯಗತಗೊಳಿಸಲು 1955ರಲ್ಲಿ ಶಿಕ್ಷೆಯನ್ನು ವಿಧಿಸುವ ಕಾನೂನೂ ಬಂದಿತು. ಹಾಗೆಂದು ಬಾವಿಗಳೆಲ್ಲವೂ ಒಂದೇ ದಿನದಲ್ಲಿ ತೆರೆದುಕೊಂಡವೆಂದು ಹೇಳಲಾಗದು. ಕಾನೂನು ಬಂದ ಎಷ್ಟೋ ವರ್ಷಗಳ ಮೇಲೂ ಹಳ್ಳಿಗಳಿಂದ ಹಳೆಯ ದೂರುಗಳೇ ಕೇಳಿಬಂದಿವೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದ ಅಂಬೇಡ್ಕರರು, ಅದೇ ವರ್ಷ ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನ ಹೊಂದಿದರು.

ಮಹಾಡಿನ ಕೆರೆ ಇಂದಿಗೂ ಇದೆ. ಅಲ್ಲಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಗಿದೆ. ಪ್ರತಿವರ್ಷವೂ ಮಾರ್ಚ್ 20ರಂದು ದೂರದ ಹಳ್ಳಿಗಳಿಂದ ಜನರು ಬಂದು, ಮೆಟ್ಟಿಲಿಳಿದು, ಬೊಗಸೆಯಲ್ಲಿ ಆ ನೀರನ್ನು ಎತ್ತಿಕೊಳ್ಳುತ್ತಾರೆ.